ಅವಲಾಂಚಿ ಎಂಬ ಹೆಸರು, ಜಾರುವ ಮಣ್ಣು



ಉದಕಮಂಡಲದಿಂದ ನೈರುತ್ಯ ದಿಕ್ಕಿಗೆ ಇಪ್ಪತ್ತೈದು-ಮೂವತ್ತು ಕಿಲೋಮೀಟರ್ ಹೋದರೆ ಅವಲಾಂಚಿ ಸಿಗುತ್ತದೆ. ಶೋಲಾ ಕಾಡು, ಹುಲ್ಲುಗಾವಲು, ಒಂದು ದೊಡ್ಡ ಜಲಾಶಯ. ನಿಮ್ಮಲ್ಲಿ ಹಲವರು ನೋಡಿರಬಹುದು. ಆದರೆ ಈ ಹೆಸರು ಕನ್ನಡವಲ್ಲ, ತಮಿಳಲ್ಲ, ಬಡಗವೂ ಅಲ್ಲ. ಬೆಟ್ಟದ ಮೇಲಿನ ಹಿಮರಾಶಿ ಒಮ್ಮೆಲೇ ಜಾರಿ ಬೀಳುವುದಕ್ಕೆ ಇಂಗ್ಲಿಷಿನಲ್ಲಿ ಅವಲಾಂಚ್ ಎನ್ನುತ್ತಾರೆ. ಅದೇ ನಮ್ಮ ಬಾಯಲ್ಲಿ ಅವಲಾಂಚಿ ಆಯಿತು.

ನೀಲಗಿರಿಯಲ್ಲಿ ಹಿಮರಾಶಿ ಎಲ್ಲಿಂದ ಬರಬೇಕು? ಡಿಸೆಂಬರ್, ಜನವರಿಯ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಹುಲ್ಲು ಬೆಳ್ಳಗಾಗುತ್ತದೆ, ಅಷ್ಟೇ. ಜಾರಿದ್ದು ಮಣ್ಣು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಈ ಬೆಟ್ಟ ಹತ್ತಿದ ಮೇಲೆ ಇಂಗ್ಲಿಷರ ಓಡಾಟ ಹೆಚ್ಚಿತು. ಆ ಶತಮಾನದ ಮೊದಲ ಭಾಗದಲ್ಲಿ ಇಲ್ಲಿ ಗುಡ್ಡದ ಒಂದು ಮಗ್ಗುಲೇ ಕುಸಿಯಿತು. ಕಂಡವರು ತಮಗೆ ಗೊತ್ತಿದ್ದ ಮಾತಿನಲ್ಲಿ ಊರಿಗೆ ಹೆಸರಿಟ್ಟರು. ಹೆಸರು ತಪ್ಪೆನ್ನಬಹುದು. ಆದರೂ ಎಚ್ಚರಿಕೆಯ ಹಲಗೆಯಾಗಿ ಅದು ಎರಡು ಶತಮಾನದಿಂದ ನಿಂತಿದೆ.

ಹಿಮಾಲಯದಲ್ಲಿ ಹಿಮಕುಸಿತದ ಅಪಾಯ ಅಳೆಯುವವರು ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ನೋಡುತ್ತಾರೆ. ಮೇಲೆ ಗಟ್ಟಿ, ನಡುವೆ ಸಡಿಲ ಪದರವಿದ್ದರೆ ಅಲ್ಲೇ ಅಪಾಯ. ನಮ್ಮ ಬೆಟ್ಟದ ಲೆಕ್ಕವೂ ಹೆಚ್ಚುಕಡಿಮೆ ಅದೇ. ಕೆಳಗೆ ಚಾರ್ನೊಕೈಟ್ ಎಂಬ ಗಟ್ಟಿ ಬಂಡೆ. ಅದರ ಮೇಲೆ ಕಾಲಾಂತರದಲ್ಲಿ ಶಿಥಿಲಗೊಂಡ ಕೆಂಪು ಮಣ್ಣು, ಕೆಲವೆಡೆ ಹತ್ತಾರು ಅಡಿ ದಪ್ಪ. ದಿನಗಟ್ಟಲೆ ಮಳೆ ಹಿಡಿದರೆ ನೀರು ಇಳಿದು ಬಂಡೆಯ ಮೇಲೆ ತಂಗುತ್ತದೆ, ಮಣ್ಣಿನ ಕಣಗಳ ಹಿಡಿತ ಸಡಿಲಿಸುತ್ತದೆ. ಆದ್ದರಿಂದ ಇಂದು ಎಷ್ಟು ಮಳೆ ಬಂತು ಎಂದಷ್ಟೇ ಕೇಳಿದರೆ ಸಾಲದು. ಕಳೆದ ನಾಲ್ಕಾರು ದಿನ ನೆಲ ಎಷ್ಟು ಕುಡಿದಿತ್ತು ಎಂದೂ ಕೇಳಬೇಕು. ಮಳೆ ನಿಂತ ಮೇಲೂ ಗುಡ್ಡ ಜಾರುವುದುಂಟು.

ಇತಿಹಾಸ ನೋಡೋಣ. 1978ರ ನವೆಂಬರಿನಲ್ಲಿ ನೀಲಗಿರಿಯ ನೂರಕ್ಕೂ ಹೆಚ್ಚು ಕಡೆ ಗುಡ್ಡ ಕುಸಿಯಿತು. ಮರುವರ್ಷವೂ ಅದೇ ಗೋಳು. ಆ ಬಳಿಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಬೆಟ್ಟವನ್ನು ಅಡ್ಡಾಡಿ ಅಪಾಯದ ಜಾಗಗಳ ನಕ್ಷೆ ಮಾಡಿದರು. 1993ರ ನವೆಂಬರ್ 11ರಂದು ಕೂನೂರು–ಮೇಟ್ಟುಪಾಳಯಂ ಘಾಟಿಯ ಮರಪ್ಪಾಲಂನಲ್ಲಿ ಗುಡ್ಡ ಇಳಿದು ರಸ್ತೆಯನ್ನೂ ಗುಡಿಸಲುಗಳನ್ನೂ ಜನರನ್ನೂ ಒಯ್ದಿತು. 2009ರ ನವೆಂಬರ್ 10ರ ಹೊತ್ತಿಗೆ ಕೇತ್ತಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮೀರಿ ಮಳೆ. ಗುಂಡ್ಲುಪೇಟೆ ಬಯಲಿಗೆ ಇಡೀ ವರ್ಷಕ್ಕೆ ಅಷ್ಟು ಬಿದ್ದರೆ ಒಳ್ಳೆಯ ಮಳೆ ಎನ್ನುತ್ತೇವೆ! ಆ ಸಲ ನಲವತ್ತಕ್ಕೂ ಹೆಚ್ಚು ಜನ ಸತ್ತರು, 1899ರಿಂದ ಕೂನೂರಿಗೆ ಓಡುತ್ತಿದ್ದ ಪುಟ್ಟ ರೈಲಿನ ಹಳಿಯೂ ಹಾಳಾಯಿತು.

ದಿನಾಂಕಗಳನ್ನು ಗಮನಿಸಿದಿರಾ? ನವೆಂಬರ್ 10, ನವೆಂಬರ್ 11. ನಮ್ಮ ಪಂಚಾಂಗದಲ್ಲಿ ಎರಡೂ ವಿಶಾಖ ಮಳೆ. ಚಳಿ ಇನ್ನೇನು ಕೂರಬೇಕು, ಮಳೆಗಾಲ ಮುಗಿಯಿತು ಎಂದು ಬಯಲಿನವರು ಹೊದಿಕೆ ಬಿಚ್ಚುವ ಹೊತ್ತಿಗೆ ಬೆಟ್ಟದ ಪೂರ್ವ ಮಗ್ಗುಲಿಗೆ ಹಿಂಗಾರಿನ ಬಿಸಿ ತಟ್ಟುತ್ತದೆ. ಕೂನೂರು, ಕೋತಗಿರಿ, ಕೇತ್ತಿ ಇವೆಲ್ಲ ಆ ಮಗ್ಗುಲಿನವು.

ಪಶ್ಚಿಮ ಮಗ್ಗುಲಿನ ಕಥೆ ಬೇರೆ. ಅಲ್ಲಿ ಮುಂಗಾರಿನದೇ ಕಾರುಬಾರು. 2019ರ ಆಗಸ್ಟ್ ಎರಡನೆಯ ವಾರ, ಆಶ್ಲೇಷ ಮಳೆಯಲ್ಲಿ, ಅದೇ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮೀರಿ ಸುರಿಯಿತು. ಆಗಸ್ಟ್ 8ರಂದು ಗೂಡಲೂರಿನಾಚೆಯ ವಯನಾಡಿನ ಪುತ್ತುಮಲ ಕುಸಿಯಿತು. 2024ರ ಜುಲೈ 30ರಂದು ಪಕ್ಕದ ಮುಂಡಕೈ, ಚೂರಲ್‌ಮಲ ಮಣ್ಣಾದವು, 250ಕ್ಕೂ ಹೆಚ್ಚು ಜೀವ ಹೋಯಿತು. ಮುಂಡಕೈಗೆ ಅದು ಮೊದಲನೆಯದಲ್ಲ. 1984ರಲ್ಲೂ ಅಲ್ಲಿ ಗುಡ್ಡ ಜಾರಿ ಜನ ಸತ್ತಿದ್ದರು. ಒಮ್ಮೆ ಜಾರಿದ ಜಾಗ ಮತ್ತೆ ಜಾರಬಹುದು. ಆ ನೆನಪು ಒಂದು ತಲೆಮಾರಿನಲ್ಲೇ ಮಾಸುತ್ತದೆ, ಹೊಸ ಮನೆಗಳು ಏಳುತ್ತವೆ.

ಹಾಗಾಗಿ, ಮಸಿನಗುಡಿಯಲ್ಲೋ ಬಂಡೀಪುರದಲ್ಲೋ ಕೂತು ನಮ್ಮ ತಲೆಯ ಮೇಲಿನ ಆಕಾಶ ನೋಡಿ ಘಾಟಿ ಹತ್ತಲು ಹೊರಡುವುದು ನನಗೆ ಸರಿಕಾಣದು. ಮಸಿನಗುಡಿ ಮಳೆಯ ಮರೆಯಲ್ಲಿರುವ ಊರು. ಇಲ್ಲಿ ಬಿಸಿಲು ಕಾಯುವ ದಿನವೇ ಕೂನೂರಿನಲ್ಲಿ ಧಾರಾಕಾರ ಇರಬಹುದು. ಹವಾಮಾನ ವರದಿ ಕೇಳುವಾಗ ಯಾವ ಮಗ್ಗುಲಿಗೆ, ಎಷ್ಟನೆಯ ದಿನ ಎಂದು ಕಿವಿಗೊಟ್ಟು ಕೇಳಿ.

ಮಳೆಯೊಂದರ ಮೇಲೆ ತಪ್ಪು ಹೊರಿಸುವುದೂ ನ್ಯಾಯವಲ್ಲ. ಬೆಟ್ಟದ ಕಾಲನ್ನು ಕಡಿದು ರಸ್ತೆ ಮಾಡಿದೆವು, ಮನೆಗೆ ತಟ್ಟು ಮಾಡಿದೆವು. ನೀರು ಹರಿಯುತ್ತಿದ್ದ ಹಳ್ಳ ತುಂಬಿಸಿ ಕ್ಯಾರೆಟ್, ಆಲೂಗಡ್ಡೆ ಬೆಳೆದೆವು. ಮೋರಿ ಕಟ್ಟಿಕೊಂಡರೆ ಬಿಡಿಸುವವರಿಲ್ಲ. ಹಳ್ಳಕ್ಕೆ ಹೋಗಬೇಕಾದ ನೀರು ಆಗ ಮಣ್ಣಿನೊಳಕ್ಕೇ ಇಳಿಯುತ್ತದೆ.

ಇಳಿಜಾರಿನಲ್ಲಿ ಮನೆ ಇರುವವರು ಮಳೆಯ ದಿನಗಳಲ್ಲಿ ನಾಲ್ಕು ಕಡೆ ಕಣ್ಣಾಡಿಸಿ. ಮನೆಯ ಮೇಲ್ಭಾಗದ ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆಯೇ? ನೆಟ್ಟಗಿದ್ದ ಮರ, ಕಂಬ ವಾಲಿದೆಯೇ? ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಹಿಡಿಯುತ್ತಿದೆಯೇ? ತಿಳಿಯಾಗಿದ್ದ ಒರತೆ ಕೆಂಪಾಗಿದೆಯೇ? ಜೋರು ಮಳೆಯಲ್ಲೂ ಹಳ್ಳದ ನೀರು ಒಮ್ಮೆಲೇ ಇಳಿದಿದ್ದರೆ ಮೇಲೆಲ್ಲೋ ಮಣ್ಣು ಕಟ್ಟೆ ಹಾಕಿರಬಹುದು, ಆ ಕಟ್ಟೆ ಯಾವ ಗಳಿಗೆಯಲ್ಲೂ ಒಡೆಯಬಹುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಮಕ್ಕಳು, ಮುದುಕರೊಂದಿಗೆ ಹಳ್ಳದ ದಾರಿ ಬಿಟ್ಟು ಪಕ್ಕದ ದಿಣ್ಣೆಯ ಕಡೆಗೆ ಹೊರಡಿ. ಹೊರಡುವಾಗ ಕೆಳಗಿನ ಮನೆಯವರನ್ನೂ ಕೂಗಿ ಎಬ್ಬಿಸಿ.