ಕೈ ಕಲಿಯುವ ಬಗೆ: ವೃತ್ತಿ ಶಿಕ್ಷಣದಲ್ಲಿ ಗುಣಾತ್ಮಕ ಸಂಶೋಧನೆ

ತರಬೇತಿಗೆ ಎಷ್ಟು ಜನ ಸೇರಿದರು, ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು ಎಂಬುದನ್ನು ಅಂಕಿಅಂಶ ಹೇಳುತ್ತದೆ. ಕಸುಬು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ದಾಟಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಕೆಲಸದ ಜಾಗದಲ್ಲೇ ಕೂತು ನೋಡಿ, ಕೇಳಿ, ಬರೆದುಕೊಂಡು ತಿಳಿಯುವ ಕ್ರಮವೇ ಗುಣಾತ್ಮಕ ಸಂಶೋಧನೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಸುತ್ತಿನ ಸೀಮೆ ಇದಕ್ಕೆ ಹೇಳಿಮಾಡಿಸಿದಂತಿದೆ. ನಂಜನಗೂಡಿನಲ್ಲಿ ಕಾರ್ಖಾನೆಗಳು, ತಿ. ನರಸೀಪುರದಲ್ಲಿ ರೇಷ್ಮೆ ನೂಲು, ಚಾಮರಾಜನಗರದ ರೈಲು ಹಾದಿಯ ಬದನವಾಳಿನಲ್ಲಿ ಖಾದಿ.

ಹಿನ್ನೆಲೆ

ಭಾರತದಲ್ಲಿ ಐಟಿಐಗಳ ಮೂಲಕ ನಡೆಯುವ ಕುಶಲಕರ್ಮಿ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತ ಕಲಿಯುವವರಿಗಾಗಿ ಅಪ್ರೆಂಟಿಸ್ ಕಾಯ್ದೆ 1961ರಲ್ಲಿ ಬಂತು. ಕೈಗಾರಿಕೆ, ಕೃಷಿಯಂಥ ವಿಷಯ ಕಲಿಸುವ ವಿವಿಧೋದ್ದೇಶ ಶಾಲೆಗಳಿಗೆ ಶಿಕ್ಷಕರನ್ನು ಸಜ್ಜುಗೊಳಿಸಲು 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ಇಂದಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅದೇ.

ಸಂಶೋಧನೆಯ ದಾರಿ ತೋರಿದವರಲ್ಲಿ ಮಾನವಶಾಸ್ತ್ರಜ್ಞೆ ಜೀನ್ ಲೇವ್ ಮುಖ್ಯರು. ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ದರ್ಜಿಗಳ ಬಳಿ ಕಲಿಯುವ ಹುಡುಗರನ್ನು ಅವರು 1970ರ ದಶಕದಲ್ಲಿ ಗಮನಿಸಿದರು. ಬಟ್ಟೆಯ ತಯಾರಿ ಶುರುವಾಗುವುದು ಕತ್ತರಿಯಿಂದ. ಆದರೆ ಹುಡುಗರು ಗುಂಡಿ ಹಾಕುವುದರಿಂದ, ಅಂಚು ಮಡಿಚುವುದರಿಂದ ಶುರುಮಾಡಿ, ಹೊಲಿಗೆಗೆ ಬಂದು, ಕತ್ತರಿ ಹಿಡಿಯುತ್ತಿದ್ದುದು ಕೊನೆಗೆ. ನಮ್ಮ ಟೈಲರ್ ಅಂಗಡಿಗಳಲ್ಲೂ ಹೊಸಬನ ಪಾಲಿಗೆ ಮೊದಲು ಬರುವುದು ಕಾಜಾ, ಗುಂಡಿಯೇ. ಮೊದಲ ಕೆಲಸದಲ್ಲಿ ತಪ್ಪಿದರೆ ನಷ್ಟ ಕಡಿಮೆ, ಬಟ್ಟೆಯ ಪೂರ್ತಿ ರೂಪ ಮಾತ್ರ ಕಣ್ಣೆದುರಿಗೇ ಇರುತ್ತದೆ. ಎಟಿಯೆನ್ ವೆಂಗರ್ ಜೊತೆ ಲೇವ್ 1991ರಲ್ಲಿ ಪ್ರಕಟಿಸಿದ ಪುಸ್ತಕ ಇಂಥ ಕಲಿಕೆಯನ್ನು ಸಿದ್ಧಾಂತವಾಗಿ ಮಂಡಿಸಿತು.

ಹೇಳಲಾಗದ ತಿಳಿವು

ಬಲ್ಲವರಿಗೂ ತಾವು ಬಲ್ಲದ್ದನ್ನೆಲ್ಲ ಮಾತಿನಲ್ಲಿ ಹೇಳಲು ಬರುವುದಿಲ್ಲ ಎಂಬುದು ತತ್ತ್ವಜ್ಞಾನಿ ಮೈಕೆಲ್ ಪೊಲಾನಿ ಅವರ ವಾದ. ರೇಷ್ಮೆಯ ನೂಲು ಬಿಚ್ಚಾಣಿಕೆ ಇದಕ್ಕೆ ಒಳ್ಳೆಯ ಉದಾಹರಣೆ. ತಿ. ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ನೂಲು ಕಾರ್ಖಾನೆಯಿದೆ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಎಳೆಗಳನ್ನು ಹಿಡಿದಿಟ್ಟ ಸೆರಿಸಿನ್ ಎಂಬ ಅಂಟು ಸಡಿಲವಾಗುತ್ತದೆ. ಬೆಂದದ್ದು ಕಡಿಮೆಯಾದರೆ ಎಳೆ ತುಂಡಾಗುತ್ತದೆ, ಹೆಚ್ಚಾದರೆ ರೇಷ್ಮೆ ಪೋಲಾಗುತ್ತದೆ. ಹಲವು ಗೂಡುಗಳ ಎಳೆ ಕೂಡಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದೊಡನೆ ಇನ್ನೊಂದರ ಎಳೆ ಸೇರಿಸಬೇಕು. ಎಷ್ಟು ಹೊತ್ತು ಬೇಯಿಸಬೇಕೆಂದು ಪುಸ್ತಕ ಹೇಳಬಹುದು, ಹದ ಗೊತ್ತಾಗುವುದು ಬೆರಳಿಗೆ.

ವಿಧಾನಗಳು

ವೀಕ್ಷಣೆ: ಐಟಿಐ ಫಿಟ್ಟರ್ ವಿದ್ಯಾರ್ಥಿ ಮೊದಮೊದಲು ಕಲಿಯುವ ಕೆಲಸಗಳಲ್ಲಿ ಅರ ಹಾಕುವುದೊಂದು. ಬೋಧಕರು ಬಾಯಲ್ಲಿ ಹೇಳಿದ್ದೆಷ್ಟು, ಹುಡುಗನ ಮೊಣಕೈ ಹಿಡಿದು ತಿದ್ದಿದ್ದೆಷ್ಟು ಎಂಬುದನ್ನು ಸಂಶೋಧಕರು ಬರೆದುಕೊಳ್ಳುತ್ತಾರೆ.

ಸಂದರ್ಶನ: "ಹೇಗೆ ಕಲಿತಿರಿ?" ಎಂದರೆ "ನೋಡ್ತಾ ನೋಡ್ತಾ ಬಂತು" ಎಂಬ ಉತ್ತರ ಬರುವುದೇ ಹೆಚ್ಚು. ಕೆಲಸದ ವಿಡಿಯೊ ತೋರಿಸಿ "ಇಲ್ಲಿ ಕೈ ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ.

ಕೈಯಾರೆ ಕಲಿಯುವುದು: ಸಂಶೋಧಕರೇ ಶಿಷ್ಯರಾಗಿ ಕೂರುತ್ತಾರೆ. ಚರಕದ ಮುಂದೆ ನೂಲು ಹರಿದಾಗ ಎದುರಾಗುವ ಪ್ರಶ್ನೆ ಮೇಜಿನ ಮುಂದೆ ಹೊಳೆಯುವಂಥದ್ದಲ್ಲ.

ಕಲಿಕೆಯ ಸುತ್ತಲಿನ ಸಮಾಜ

ಯಾವ ಕಸುಬು ಯಾರಿಗೆ ಎಂಬುದನ್ನು ಜಾತಿ ಮತ್ತು ಲಿಂಗ ಬಹುಕಾಲ ತೀರ್ಮಾನಿಸಿವೆ. ಹೊಲಿಗೆ ಯಂತ್ರದ ಮುಂದೆ ಹುಡುಗಿಯರೇ, ಲೇತ್ ಮುಂದೆ ಹುಡುಗರೇ ಏಕಿದ್ದಾರೆ ಎಂಬುದೂ ಸಂಶೋಧನೆಯ ಪ್ರಶ್ನೆ. ಕಸುಬಿಗೆ ಸಮಾಜ ಕಟ್ಟುವ ಬೆಲೆಯೂ ಅಂಥದ್ದೇ ಪ್ರಶ್ನೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಬದನವಾಳಿನ ಹಳೆಯ ಖಾದಿ ಕೇಂದ್ರದಲ್ಲಿ ನಡೆಸಿದ ಸತ್ಯಾಗ್ರಹ ಕೈದುಡಿಮೆಯ ಬೆಲೆಯ ಪ್ರಶ್ನೆಯನ್ನು ಮುಂದಿಟ್ಟಿತು. ಬೆಲೆಯಿಲ್ಲದ ಕಸುಬಿಗೆ ಶಿಷ್ಯರು ಸಿಗುವುದು ಕಷ್ಟ.

ಮಿತಿ ಮತ್ತು ಎಚ್ಚರ

ಹತ್ತು ಜನರ ಅಧ್ಯಯನದಿಂದ ಇಡೀ ರಾಜ್ಯದ ಸರಾಸರಿ ಹೇಳಲಾಗದು. ಬೋಧಕರ ಎದುರಿಗೆ ವಿದ್ಯಾರ್ಥಿ, ಮಾಲೀಕರ ಎದುರಿಗೆ ಕೆಲಸಗಾರ್ತಿ ಮನಸ್ಸು ಬಿಚ್ಚಿ ಮಾತಾಡಲಾರರು. ಆದ್ದರಿಂದ ಒಪ್ಪಿಗೆ ಪಡೆಯಬೇಕು, ಹೆಸರು ಮುಚ್ಚಿಡಬೇಕು, ಕೇಳಿದ್ದನ್ನು ಕಂಡದ್ದರೊಡನೆ ತಾಳೆ ನೋಡಬೇಕು. ಬರೆದದ್ದನ್ನು ಕೆಲಸಗಾರರಿಗೇ ಓದಿ ಹೇಳುವುದು ಇನ್ನೊಂದು ಪರೀಕ್ಷೆ. "ಹಂಗಲ್ಲ, ಇಲ್ಲಿ ಕೊಡಿ" ಎಂದು ನೂಲು ಬಿಚ್ಚುವ ಕೆಲಸಗಾರ್ತಿ ಎಳೆಯನ್ನು ಕೈಗೆ ತೆಗೆದುಕೊಂಡರೆ, ಟಿಪ್ಪಣಿ ಪುಸ್ತಕವನ್ನು ಮತ್ತೆ ತೆರೆಯಬೇಕು.