ಮೆಕ್ಕೆಜೋಳಕ್ಕೆ ನೀರು ಯಾವಾಗ?

ಮೆಕ್ಕೆಜೋಳದ ತೆನೆ ಸುಲಿಯುವಾಗ ಕೈಗಂಟುವ ರೇಷ್ಮೆಯಂಥ ಎಳೆಗಳನ್ನು ನೀವು ನೋಡಿರುತ್ತೀರಿ. ಒಂದು ಎಳೆಗೆ ಒಂದು ಕಾಳು. ಗಿಡದ ತುದಿಯ ಗಂಡು ಹೂವಿನಿಂದ ಉದುರಿದ ಪರಾಗ ಎಳೆಗೆ ತಾಗಿದರೆ ಮಾತ್ರ ಕಾಳು ಕಟ್ಟೀತು.

ಈ ಬೆಳೆಗೆ ಬರ ಯಾವಾಗ ಹೆಚ್ಚು ಕಾಡುತ್ತದೆ? ಅಮೆರಿಕದ ಅಯೋವಾದಲ್ಲಿ ಡೆನ್‌ಮೀಡ್ ಮತ್ತು ಶಾ ಎಂಬ ವಿಜ್ಞಾನಿಗಳು ಬೆಳವಣಿಗೆಯ ಬೇರೆ ಬೇರೆ ಹಂತಗಳಲ್ಲಿ ನೀರು ತಡೆದು ಗಿಡಗಳನ್ನು ಬಾಡಿಸಿದರು. 1960ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಎಳೆ ಮೂಡುವ ಮುನ್ನ ಬಾಡಿದಾಗ ಇಳುವರಿ ಶೇಕಡಾ 25ರಷ್ಟು ಕುಗ್ಗಿತು, ಎಳೆ ಮೂಡುವಾಗ 50ರಷ್ಟು, ಅನಂತರ 21ರಷ್ಟು.

ಏಕೆ ಹೀಗೆ? ಬಾಯಾರಿದ ಗಿಡ ಎಲೆ ಸುರುಳಿ ಸುತ್ತಿ, ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ನೀರು ಉಳಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡ್ ಸಾಲದೆ ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಎಳೆಗಳ ಬೆಳವಣಿಗೆ ತಡವಾಗುತ್ತದೆ. ಅವು ಹೊರಬರುವಷ್ಟರಲ್ಲಿ ಪರಾಗ ಉದುರಿ ಮುಗಿದಿರಬಹುದು. ಆಮೇಲೆ ಎಷ್ಟು ನೀರು ಹಾಯಿಸಿದರೂ ಕಟ್ಟದ ಕಾಳು ಕಟ್ಟದು.

ಮೆಕ್ಸಿಕೊದ ಅಂತಾರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರದ ತಜ್ಞರು 1975ರಲ್ಲಿ ಈ ಅರಿವನ್ನು ಕೆಲಸಕ್ಕೆ ಹಚ್ಚಿದರು. ಮಳೆಯಿಲ್ಲದ ಚಳಿಗಾಲದಲ್ಲಿ ಬೇಕೆಂದೇ ನೀರು ತಡೆದು, ಆಗಲೂ ಸಕಾಲಕ್ಕೆ ಎಳೆ ಮೂಡಿಸುವ ಗಿಡಗಳನ್ನು ಆರಿಸಿದರು. ಎಂಟು ಸುತ್ತಿನ ಆಯ್ಕೆಯ ಬಳಿಕ ಬರದಲ್ಲಿಯೂ ಇಳುವರಿ ಏರಿತ್ತು.

ನಮ್ಮ ದಾವಣಗೆರೆ, ಹಾವೇರಿಗಳಲ್ಲಿ ಮಳೆಯನ್ನೇ ನಂಬಿದ ಮೆಕ್ಕೆಜೋಳದ ಹೊಲಗಳು ಬಹಳ. ಒಂದೇ ಬಾರಿ ನೀರು ಹಾಯಿಸಲು ಸಾಧ್ಯವೆಂದಾದರೆ, ನೀವು ಯಾವ ದಿನ ಆರಿಸುವಿರಿ? ಉತ್ತರ ಆ ಎಳೆಗಳಲ್ಲೇ ಇದೆ.