ಕ್ಯಾಡಿಲಾಕ್ ಮೋಟಾರುಗಳ ಸಾಮರ್ಥ್ಯ ಪರಂಪರೆ

ಅಮೆರಿಕದ ಶ್ರೀಮಂತ ಮೋಟಾರುಗಳ ಪೈಕಿ ಕ್ಯಾಡಿಲಾಕಿನ ಹೆಸರು ಅಗ್ರಗಣ್ಯವಾದುದು. ತಮ್ಮದು ವೇಗದ ಪರಂಪರೆಯೆಂದು ಅದರ ತಯಾರಕರು ಈಚಿನ ವರ್ಷಗಳಲ್ಲಿ ಹೇಳಿಕೊಳ್ಳುತ್ತ ಬಂದಿದ್ದಾರೆ. ಈ ಮಾತು ಚರಿತ್ರೆಗೆ ಎಷ್ಟರಮಟ್ಟಿಗೆ ಒಪ್ಪುತ್ತದೆಂಬುದನ್ನು ಇಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಈ ಸಂಸ್ಥೆಯ ಕೀರ್ತಿಗೆ ತಳಹದಿಯಾದುದು ಅಳತೆಯ ಶುದ್ಧಿ. ವೇಗವು ತಡವಾಗಿ ಬಂದಿತು, ಅದೂ ಬಿಟ್ಟು ಬಿಟ್ಟು ಬಂದಿತು.

ಸಂಸ್ಥೆಯು ಹುಟ್ಟಿದ್ದು 1902ರಲ್ಲಿ, ಡೆಟ್ರಾಯಿಟ್ ನಗರದಲ್ಲಿ. ಹೆನ್ರಿ ಫೋರ್ಡ್ ಬಿಟ್ಟುಹೋದ ಕಾರ್ಖಾನೆಯೊಂದನ್ನು ಮುಚ್ಚುವ ಸಲುವಾಗಿ ಅದರ ಬೆಲೆ ಕಟ್ಟಲು ಬಂದ ಹೆನ್ರಿ ಲೇಲೆಂಡ್, ಅದನ್ನು ಮುಚ್ಚದೆ ನಡೆಸುವಂತೆ ಒಡೆಯರ ಮನವೊಲಿಸಿದನು. 1701ರಲ್ಲಿ ಡೆಟ್ರಾಯಿಟನ್ನು ಸ್ಥಾಪಿಸಿದ ಫ್ರೆಂಚನ ಹೆಸರನ್ನು ಹೊಸ ಸಂಸ್ಥೆಗೆ ಇಡಲಾಯಿತು. ಲೇಲೆಂಡನು ಬಂದೂಕಿನ ಕಾರ್ಖಾನೆಗಳಲ್ಲಿಯೂ ಬ್ರೌನ್ ಮತ್ತು ಶಾರ್ಪ್ ಎಂಬ ಅಳತೆಯ ಉಪಕರಣಗಳ ಕಾರ್ಖಾನೆಯಲ್ಲಿಯೂ ಪಳಗಿದವನು. ಈ ಶಿಕ್ಷಣದ ಮಹತ್ವವು ನಮ್ಮ ಕಡಗಂಚಿಯಂತಹ ಊರುಗಳ ಬಂಡಿಯನ್ನು ನೆನೆದರೆ ಸುಲಭವಾಗಿ ತಿಳಿಯುವುದು. ಬಡಿಗನು ಈ ಗಾಲಿಯನ್ನು ಈ ಅಚ್ಚಿಗೇ ಹೊಂದಿಸಿ ಕೆತ್ತುತ್ತಾನೆ. ಒಂದು ಬಂಡಿಯ ಗಾಲಿ ನೆರೆಯವನ ಬಂಡಿಗೆ ಹಾಗೆಯೇ ಕೂಡುವುದೆಂಬ ಭರವಸೆಯಿಲ್ಲ. ಆ ಕಾಲದ ಯೂರೋಪಿನ ಉತ್ತಮ ಮೋಟಾರುಗಳೂ ಬಹುಮಟ್ಟಿಗೆ ಹೀಗೆಯೇ, ಕುಶಲಕರ್ಮಿಗಳು ಅರದಿಂದ ಉಜ್ಜಿ ಹೊಂದಿಸಿದ ವಸ್ತುಗಳಾಗಿದ್ದವು.

1908ರ ಪರೀಕ್ಷೆಯ ಮಹತ್ವವಿರುವುದು ಇಲ್ಲಿಯೇ. ಇಂಗ್ಲೆಂಡಿನ ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಅಧಿಕಾರಿಗಳು ಲಂಡನ್ನಿನ ದಾಸ್ತಾನಿನಿಂದ ಮೂರು ಕ್ಯಾಡಿಲಾಕುಗಳನ್ನು ಆರಿಸಿದರು. ಅವು ಒಂದೇ ಸಿಲಿಂಡರಿನ, 10 ಅಶ್ವಶಕ್ತಿಯ ಸಾಧಾರಣ ಗಾಡಿಗಳು. ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಬಯಲಿನಲ್ಲಿ ಅವುಗಳನ್ನು ತುಂಡುತುಂಡಾಗಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, ಸುಮಾರು 90 ಭಾಗಗಳನ್ನು ತೆಗೆದುಹಾಕಿ ಅವುಗಳ ಸ್ಥಾನಕ್ಕೆ ದಾಸ್ತಾನಿನ ಬೇರೆ ಭಾಗಗಳನ್ನು ಕೊಡಲಾಯಿತು. ಅರವನ್ನು ಮುಟ್ಟುವಂತಿರಲಿಲ್ಲ. ಸ್ಪ್ಯಾನರು, ತಿರುಪುಳಿಗಳಿಂದಲೇ ಮೂರು ಗಾಡಿಗಳೂ ಮತ್ತೆ ಎದ್ದು ನಿಂತವು; ಬಣ್ಣಗಳು ಬೆರೆತು ತೇಪೆ ಹಾಕಿದಂತೆ ಕಾಣುತ್ತಿದ್ದರೂ 500 ಮೈಲಿಗಳ ಓಟವನ್ನು ಮುಗಿಸಿದವು. ಆ ವರ್ಷದ ಡ್ಯೂವರ್ ಪಾರಿತೋಷಕವು ಕ್ಯಾಡಿಲಾಕಿಗೆ ಸಂದಿತು. ಅಮೆರಿಕದ ಗಾಡಿಗಳನ್ನು ಒರಟೆಂದು ಭಾವಿಸಿದ್ದ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

1909ರಲ್ಲಿ ಸಂಸ್ಥೆಯು ಜನರಲ್ ಮೋಟಾರ್ಸಿನ ವಶವಾಯಿತು. ಚಾರ್ಲ್ಸ್ ಕೆಟರಿಂಗನು ರೂಪಿಸಿದ ವಿದ್ಯುತ್ ಚಾಲಕವು 1912ರ ಗಾಡಿಗಳಲ್ಲಿ ಬಂದು, ಕೈಯಿಂದ ಹಿಡಿಕೆ ತಿರುಗಿಸುವ ಕಷ್ಟವನ್ನು ನೀಗಿಸಿತು. ಇದಕ್ಕೂ ಡ್ಯೂವರ್ ಪಾರಿತೋಷಕ ದೊರೆಯಿತು. 1914ರಲ್ಲಿ ಎಂಟು ಸಿಲಿಂಡರಿನ, 1930ರಲ್ಲಿ ಹದಿನಾರು ಸಿಲಿಂಡರಿನ ಎಂಜಿನುಗಳು ಬಂದವು. ಇವುಗಳಿಂದ ದೊರೆತುದು ಶಬ್ದವಿಲ್ಲದ, ಸುಗಮವಾದ ಓಟ. ಪಂದ್ಯದ ಕೀರ್ತಿ ಇನ್ನೂ ದೂರವಿತ್ತು.

ಅದು ಬಂದದ್ದು 1949ರ ಮಾದರಿಯ ಹೊಸ ಎಂಜಿನಿನಿಂದ. 5.4 ಲೀಟರಿನ, 160 ಅಶ್ವಶಕ್ತಿಯ ಈ ಯಂತ್ರವು ಹಿಂದಿನದಕ್ಕಿಂತ ಹಗುರವಾಗಿದ್ದಿತು. ಮರುವರ್ಷ ಬ್ರಿಗ್ಸ್ ಕನ್ನಿಂಗ್‌ಹ್ಯಾಮ್ ಎಂಬ ಧನಿಕನು ಫ್ರಾನ್ಸಿನ ಲ ಮಾನ್ಸ್‌ನ 24 ಗಂಟೆಗಳ ಪಂದ್ಯಕ್ಕೆ ಎರಡು ಕ್ಯಾಡಿಲಾಕುಗಳನ್ನು ಒಯ್ದನು. ಒಂದು ಬಹುಮಟ್ಟಿಗೆ ಮಾರಾಟದ ಗಾಡಿಯೇ. ಇನ್ನೊಂದಕ್ಕೆ ಗ್ರಮ್ಮನ್ ವಿಮಾನ ಸಂಸ್ಥೆಯ ತಜ್ಞನ ನೆರವಿನಿಂದ ವಿಚಿತ್ರವಾದ ಚಪ್ಪಟೆ ಮೈಯನ್ನು ಕಟ್ಟಲಾಗಿತ್ತು. ಫ್ರೆಂಚರು ಅದನ್ನು ‘ರಾಕ್ಷಸ’ನೆಂದು ಕರೆದರು. ರಾಕ್ಷಸನು ಆರಂಭದಲ್ಲೇ ಮರಳಿನಲ್ಲಿ ಹೂತು ಕಾಲ ಕಳೆದು 11ನೆಯದಾದನು. ಕಾಲಿಯರ್ ಸಹೋದರರು ನಡೆಸಿದ ಸಾದಾ ಗಾಡಿ 10ನೆಯದಾಯಿತು. ಆದರೆ ಅದೇ ಪಂದ್ಯದಲ್ಲಿ ಮೂರನೆಯ ಸ್ಥಾನ ಪಡೆದ ಬ್ರಿಟಿಷ್ ಅಲಾರ್ಡ್ ಗಾಡಿಯೊಳಗಿದ್ದುದೂ ಕ್ಯಾಡಿಲಾಕ್ ಎಂಜಿನೇ! ಸಂಸ್ಥೆಯ ಅತ್ಯುತ್ತಮ ಫಲವು ಪರರ ಹೆಸರಿಗೆ ಸಂದಿತು.

1957ರಲ್ಲಿ ಅಮೆರಿಕದ ಮೋಟಾರು ತಯಾರಕರು ಪಂದ್ಯಗಳಿಗೆ ಬೆಂಬಲ ಕೊಡಬಾರದೆಂದು ತಮ್ಮೊಳಗೆ ಒಪ್ಪಿಕೊಂಡರು. ಮುಂದೆ ಎಂಜಿನು ಹಿಗ್ಗುತ್ತಲೇ ಹೋಯಿತು. 1970ರ ಎಲ್ಡೊರಾಡೊ ಗಾಡಿಯ 8.2 ಲೀಟರಿನ ಎಂಜಿನಿಗೆ 400 ಅಶ್ವಶಕ್ತಿಯೆಂದು ಹೇಳಲಾಗಿದ್ದರೆ, 1976ರಲ್ಲಿ ಅದೇ ಗಾತ್ರದ ಎಂಜಿನಿಗೆ 190 ಮಾತ್ರ. ನಡುವೆ ಅಶ್ವಶಕ್ತಿಯನ್ನು ಎಣಿಸುವ ಪದ್ಧತಿಯೇ ಬದಲಾಗಿದ್ದುದರಿಂದ ಈ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಹೊಗೆಯ ನಿಯಂತ್ರಣದ ಕಾನೂನುಗಳಿಂದ ಎಂಜಿನಿನ ಸತ್ತ್ವ ಕುಗ್ಗಿದುದು ನಿಜ. 1981ರಲ್ಲಿ, ಬೇಡವಾದಾಗ ಕೆಲವು ಸಿಲಿಂಡರುಗಳನ್ನು ತಾನೇ ನಿಲ್ಲಿಸಿಕೊಳ್ಳುವ ಎಂಜಿನನ್ನು ಹೊರತಂದು ಸಂಸ್ಥೆಯು ಗ್ರಾಹಕರ ವಿಶ್ವಾಸವನ್ನೂ ಕಳೆದುಕೊಂಡಿತು. ಅಳತೆಯ ಶುದ್ಧಿಯಿಂದ ಹೆಸರು ಪಡೆದ ಸಂಸ್ಥೆಗೆ ಪಂದ್ಯದ ಸೋಲಿಗಿಂತ ಇದು ಹೆಚ್ಚಿನ ನಷ್ಟವೆಂದು ನಾವು ಎಣಿಸುತ್ತೇವೆ.

ಪುನರುತ್ಥಾನವು 2004ರ ಸಿಟಿಎಸ್-ವಿ ಗಾಡಿಯಿಂದ ಮೊದಲಾಯಿತು. ಅದರ ಎರಡನೆಯ ಮಾದರಿಯು 2008ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥವನ್ನು 7 ನಿಮಿಷ 59.32 ಸೆಕೆಂಡುಗಳಲ್ಲಿ ಸುತ್ತಿತು. 2017ರಿಂದ 2020ರವರೆಗೆ ಡೇಟೋನಾದ 24 ಗಂಟೆಗಳ ಪಂದ್ಯವನ್ನು ಸತತ ನಾಲ್ಕು ಸಲ ಗೆದ್ದದ್ದೂ, 2023ರಲ್ಲಿ ಲ ಮಾನ್ಸ್‌ನಲ್ಲಿ ಮೂರನೆಯ ಸ್ಥಾನ ಪಡೆದದ್ದೂ ಕ್ಯಾಡಿಲಾಕ್ ಎಂಜಿನನ್ನು ಇಟಲಿಯ ಡಲಾರಾ ಸಂಸ್ಥೆಯ ಚೌಕಟ್ಟಿನಲ್ಲಿ ಕೂಡಿಸಿದ ಗಾಡಿಗಳು. ಅಲಾರ್ಡಿನ ಪದ್ಧತಿಯೇ ಮರಳಿತು; ಈ ಬಾರಿ ಹೆಸರು ಮಾತ್ರ ಎಂಜಿನಿನ ಒಡೆಯರದು. 2026ರಿಂದ ಫಾರ್ಮುಲಾ ಒನ್ ಪಂದ್ಯಗಳಲ್ಲಿ ಭಾಗವಹಿಸಲು ಕ್ಯಾಡಿಲಾಕ್ ತಂಡಕ್ಕೆ 2025ರ ಮಾರ್ಚಿಯಲ್ಲಿ ಅನುಮತಿ ದೊರೆಯಿತು. ಸ್ವಂತ ಎಂಜಿನು ಸಿದ್ಧವಾಗುವವರೆಗೆ ಫೆರಾರಿಯ ಎಂಜಿನನ್ನು ಬಳಸುವುದೆಂದು ಏರ್ಪಾಟು.